ಚಕ್ರಗಳ ಮೇಲಣ ಸಂಸಾರ

ತಲೆ ನರೆತು, ಮೊಮ್ಮಗನ ಮುಖವನ್ನು ಕಂಡ ಗೃಹಸ್ಥನು ಮನೆವಾರ್ತೆಯನ್ನು ಮಕ್ಕಳಿಗೊಪ್ಪಿಸಿ ವನಕ್ಕೆ ತೆರಳಬೇಕೆಂದು ನಮ್ಮ ಧರ್ಮಶಾಸ್ತ್ರಗಳು ವಿಧಿಸಿದುವು. ಹೆಂಡತಿಯನ್ನು ಮಕ್ಕಳ ಬಳಿಯಲ್ಲಿ ಬಿಟ್ಟಾದರೂ ಹೋಗಬಹುದು, ಜೊತೆಯಲ್ಲಿ ಕರೆದುಕೊಂಡಾದರೂ ಹೋಗಬಹುದು ಎಂದೂ ಹೇಳಿದುವು. ಈ ವಿಧಿಯನ್ನು ಓದಿದವರು ನಮ್ಮಲ್ಲಿ ಬಹು ಮಂದಿ, ನಡೆಯಿಸಿದವರು ವಿರಳ. ಆದರೆ ಆ ಶಾಸ್ತ್ರದ ಹೆಸರನ್ನೇ ಕೇಳದ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಸಹಸ್ರಾರು ವೃದ್ಧ ದಂಪತಿಗಳು ಉದ್ಯೋಗದಿಂದ ನಿವೃತ್ತರಾದೊಡನೆ ಮನೆಯನ್ನು ಮಾರಿ, ಇಲ್ಲವೆ ಬೀಗ ಹಾಕಿ, ಸಂಸಾರವನ್ನೆಲ್ಲ ಒಂದು ಮೋಟಾರು ಬಂಡಿಗೆ ತುಂಬಿ, ಸಾಕಿದ ನಾಯಿಗಳನ್ನೂ ಹತ್ತಿಸಿಕೊಂಡು ದೇಶವನ್ನು ಸುತ್ತಲು ಹೊರಡುವರು. ಮಕ್ಕಳನ್ನು ನೋಡಿಬರಲು ಆ ದೇಶಕ್ಕೆ ಹೋಗಿದ್ದ ನಮ್ಮ ಕನ್ನಡದ ತಾಯಿತಂದೆಗಳು ಅಲ್ಲಿನ ಹೆದ್ದಾರಿಗಳಲ್ಲಿ ಇಂತಹ ಬಂಡಿಗಳನ್ನು ಕಂಡು ಬೆರಗಾಗಿರಬಹುದು. ಅಲ್ಲಿನವರು ಇದನ್ನು ಆರ್‌.ವಿ. ಎಂದು ಎರಡಕ್ಷರಗಳಿಂದ ಕರೆಯುವರು. ನಾವು ಮನೆಬಂಡಿ ಎನ್ನೋಣ.

ಮನೆಬಂಡಿಯ ಹುಟ್ಟಿನಲ್ಲಿ ಗೃಹಿಣಿಯ ಕೈವಾಡವೂ ಉಂಟು. 1930ರ ದಶಕದ ಆದಿಯಲ್ಲಿ ಏರ್‌ಸ್ಟ್ರೀಮ್ ಎಂಬ ಹೆಸರಾಂತ ಎಳೆಬಂಡಿಗಳ ಕಾರ್ಖಾನೆಯನ್ನು ಸ್ಥಾಪಿಸಿದ ವ್ಯಾಲಿ ಬಯಮ್ ಎಂಬಾತನು ಮೊದಲು ಹೆಂಡತಿಯನ್ನು ಗುಡಾರದ ವಾಸಕ್ಕೆ ಕರೆದನಂತೆ. ತನ್ನ ಅಡಿಗೆಮನೆಯಿಲ್ಲದ ಕಡೆಗೆ ತಾನು ಬಾರೆನೆಂದು ಆಕೆ ಹಟ ಹಿಡಿದಳಂತೆ. ಅಡಿಗೆಮನೆಯನ್ನೇ ಚಕ್ರಗಳ ಮೇಲೆ ಕೂಡಿಸುವ ಯೋಚನೆ ಅವನಿಗೆ ಹೊಳೆದದ್ದು ಹೀಗೆಂದು ಆ ಸಂಸ್ಥೆಯ ಚರಿತ್ರೆಯಲ್ಲಿ ಹೇಳಿದೆ. ಅದೇ ಬಯಮನು 1959ರಲ್ಲಿ ಇಂತಹ ಬಂಡಿಗಳ ಸಾಲೊಂದನ್ನು ಆಫ್ರಿಕಾ ಖಂಡದ ದಕ್ಷಿಣ ತುದಿಯ ಕೇಪ್‌ಟೌನಿನಿಂದ ಉತ್ತರದ ಕೈರೋ ನಗರದ ಕಡೆಗೆ ನಡೆಯಿಸಿದನು. 1956ರ ಹೆದ್ದಾರಿ ಶಾಸನದಿಂದ ಅಮೆರಿಕದ ಮೂಲೆ ಮೂಲೆಗೂ ವಿಶಾಲವಾದ ರಸ್ತೆಗಳಾದ ಮೇಲೆ ಈ ಸಂಚಾರವು ಸಾಧಾರಣ ಗೃಹಸ್ಥರಿಗೂ ಎಟಕುವಂತಾಯಿತು.

ಬಂಡಿಯೊಳಗಿನ ಏರ್ಪಾಡನ್ನು ನಮ್ಮ ಗೃಹಿಣಿಯರು ತಿಳಿಯಬಯಸುವರಷ್ಟೆ. ಕೆಲವು ಬಂಡಿಗಳು ತಾವೇ ಓಡುವಂಥವು; ಕೆಲವನ್ನು ಬೇರೊಂದು ಮೋಟಾರಿನಿಂದ ಎಳೆಯಬೇಕು. ಒಳಗೆ ಮಂಚ, ಮೇಜು, ಒಲೆ, ಶೀತಕ ಪೆಟ್ಟಿಗೆ, ಸ್ನಾನದ ಗೂಡು, ಪಾಯಖಾನೆ ಎಲ್ಲವೂ ಒಂದಕ್ಕೊಂದು ಒತ್ತಿಕೊಂಡಿರುವುವು. ದೊಡ್ಡ ಬಂಡಿಗಳಲ್ಲಿ ಗೋಡೆಯ ಒಂದು ಭಾಗವನ್ನು ಮೇಜಿನ ಸೆಳೆಖಾನೆಯಂತೆ ಹೊರಕ್ಕೆ ಸರಿಸಿ ಸ್ಥಳವನ್ನು ಹೆಚ್ಚಿಸಿಕೊಳ್ಳಬಹುದು. ಅಡಿಗೆಗೆ ಅನಿಲವೂ ದೀಪಕ್ಕೆ ವಿದ್ಯುತ್ಕೋಶಗಳೂ ಉಂಟು. ಅನೇಕರು ಮಾಡಿನ ಮೇಲೆ ಸೂರ್ಯರಶ್ಮಿಯಿಂದ ವಿದ್ಯುತ್ತನ್ನು ಪಡೆವ ಫಲಕಗಳನ್ನು ಹೊದಿಸುವರು. ನೀರಿಗೆ ಮೂರು ತೊಟ್ಟಿಗಳು: ಶುದ್ಧ ಜಲಕ್ಕೆ ಒಂದು, ಪಾತ್ರೆ ತೊಳೆದ ಮತ್ತು ಮಿಂದ ನೀರಿಗೆ ಇನ್ನೊಂದು, ಪಾಯಖಾನೆಯ ಮಲಿನಕ್ಕೆ ಮತ್ತೊಂದು. ಕೊನೆಯದನ್ನು ಅದಕ್ಕಾಗಿಯೇ ನಿಯಮಿಸಿದ ಸ್ಥಳದಲ್ಲಿ ಗೃಹಸ್ಥನೇ ಕೊಳವೆ ಹಿಡಿದು ಬರಿದುಮಾಡಬೇಕು. ನಿನ್ನೆಯವರೆಗೆ ಹತ್ತು ಜನರಿಗೆ ಆಜ್ಞೆ ಮಾಡುತ್ತಿದ್ದ ಅಧಿಕಾರಿಯು ಇಂದು ಕೈಗೆ ರಬ್ಬರು ಚೀಲ ತೊಟ್ಟು ಈ ಕೆಲಸಕ್ಕೆ ನಿಲ್ಲುವನು. ವೈರಾಗ್ಯಕ್ಕೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಕೆ?

ಇನ್ನು ವೆಚ್ಚದ ಮಾತು. ದೊಡ್ಡ ಬಂಡಿಯು ಲೀಟರು ತೈಲಕ್ಕೆ 3-4 ಕಿಲೋಮೀಟರಿಗಿಂತ ಹೆಚ್ಚು ಓಡುವುದು ಅಪರೂಪ. ಆದುದರಿಂದ ಜಾಣರಾದವರು ಓಡುವುದಕ್ಕಿಂತ ನಿಲ್ಲುವುದನ್ನು ಕಲಿಯುವರು. 62 ವರುಷ ತುಂಬಿದ ಪ್ರಜೆಗಳು 80 ಡಾಲರು ಕೊಟ್ಟರೆ ಜೀವಮಾನವಿಡೀ ಎಲ್ಲ ರಾಷ್ಟ್ರೀಯ ಉದ್ಯಾನಗಳಿಗೂ ಪ್ರವೇಶವುಂಟು. ಸರ್ಕಾರದ ಬಯಲು ಭೂಮಿಗಳಲ್ಲಿ ಸಾಧಾರಣವಾಗಿ 14 ದಿನಗಳವರೆಗೆ ಬಾಡಿಗೆಯಿಲ್ಲದೆ ತಂಗಬಹುದು. ಚಳಿಗಾಲವನ್ನೆಲ್ಲ ಒಂದೆಡೆ ಕಳೆಯಬೇಕೆನ್ನುವವರಿಗಾಗಿ 1983ರಲ್ಲಿ ಮರುಭೂಮಿಯ ಕೆಲವು ಪ್ರದೇಶಗಳನ್ನು ಪ್ರತ್ಯೇಕಿಸಿದರು. ಗೊತ್ತಾದ ಶುಲ್ಕವನ್ನು ತೆತ್ತು ಸೆಪ್ಟೆಂಬರು 15ರಿಂದ ಏಪ್ರಿಲು 15ರವರೆಗೆ ಅಲ್ಲಿ ಬಿಡಾರ ಹೂಡಬಹುದು. ಆರಿಜೋನಾ ಸಂಸ್ಥಾನದ ಕ್ವಾರ್ಟ್ಸ್‌ಸೈಟ್ ಎಂಬ ಊರಿನ ಬಳಿಯಿರುವ ಅಂತಹ ಒಂದು ಬಯಲು ಹನ್ನೊಂದು ಸಾವಿರ ಎಕರೆಗೂ ಮಿಗಿಲು. 2020ರ ಜನಗಣತಿಯಲ್ಲಿ ಆ ಊರಿನ ನಿವಾಸಿಗಳು ಸುಮಾರು 2,400 ಮಂದಿ ಮಾತ್ರ. ಹಿಮ ಬೀಳುವ ಉತ್ತರದ ಸೀಮೆಯಿಂದ ಬಂಡಿಗಳು ಹಕ್ಕಿಗಳ ಹಿಂಡಿನಂತೆ ಇಳಿದು ಬಂದಾಗ ಅದೇ ಊರು ನಮ್ಮ ದೊಡ್ಡ ಜಾತ್ರೆಯಂತೆ ತುಂಬಿಹೋಗುವುದು. ಉದ್ಯಾನಗಳಲ್ಲಿಯೂ ಅರಣ್ಯಗಳಲ್ಲಿಯೂ ಬಿಡಾರದ ಮೇಲ್ವಿಚಾರಣೆಯನ್ನು ವಹಿಸಿಕೊಂಡು, ಅದಕ್ಕೆ ಬದಲಾಗಿ ಬಂಡಿ ನಿಲ್ಲಿಸುವ ಸ್ಥಳವನ್ನು ಬಿಟ್ಟಿಯಾಗಿ ಪಡೆಯುವ ವೃದ್ಧರೂ ಅನೇಕರಿದ್ದಾರೆ.

ಮನೆಯನ್ನು ಬಿಟ್ಟವನಿಗೂ ವಿಳಾಸವೊಂದು ಬೇಕಷ್ಟೆ. ಕಾಗದಪತ್ರಗಳು ಎಲ್ಲಿಗೆ ಬರಬೇಕು? ಬಂಡಿ ನಡೆಯಿಸುವ ಅನುಮತಿಯನ್ನು ಯಾವ ಸಂಸ್ಥಾನ ಕೊಡಬೇಕು? ವರಮಾನ ತೆರಿಗೆಯಿಲ್ಲದ ಟೆಕ್ಸಸ್, ಫ್ಲಾರಿಡಾ, ದಕ್ಷಿಣ ಡಕೋಟಾ ಸಂಸ್ಥಾನಗಳಲ್ಲಿ ವಿಳಾಸವನ್ನು ಮಾಡಿಕೊಂಡು, ಬಂದ ಟಪಾಲನ್ನು ತಾವಿದ್ದಲ್ಲಿಗೆ ಕಳುಹಿಸುವ ಸಂಸ್ಥೆಗಳಿಗೆ ಒಪ್ಪಿಸುವುದು ಇವರಲ್ಲಿ ರೂಢಿ. 65 ವರುಷ ದಾಟಿದವರಿಗೆ ಸರ್ಕಾರದ ಆರೋಗ್ಯ ವಿಮೆಯುಂಟು. ಆದರೆ ಅದರಲ್ಲಿಯೂ ದೇಶದಾದ್ಯಂತ ಸಲ್ಲುವ ಬಗೆ ಬೇರೆ, ಒಂದೇ ಸೀಮೆಯ ವೈದ್ಯರಿಗೆ ಕಟ್ಟಿಹಾಕುವ ಬಗೆ ಬೇರೆ. ಹೊರಡುವ ಮುನ್ನ ಇದನ್ನು ವಿಚಾರಿಸದವರು ಪರಸ್ಥಳದಲ್ಲಿ ಕಾಯಿಲೆ ಬಿದ್ದಾಗ ಕಷ್ಟಕ್ಕೀಡಾಗುವರು.

ಗಂಡನು ಕಚೇರಿಗೂ ಹೆಂಡತಿಯು ತನ್ನ ಕೆಲಸಕ್ಕೂ ಹೋಗುತ್ತಿದ್ದ ಕಾಲದಲ್ಲಿ ಇಬ್ಬರ ನಡುವೆ ದಿನಕ್ಕೆ ಎಂಟು ತಾಸಿನ ಅಂತರವಿತ್ತು. ಈಗ ಎಂಟು ಅಡಿಯ ಅಂತರವೂ ಇಲ್ಲ. ಒಬ್ಬರು ಎದ್ದರೆ ಇನ್ನೊಬ್ಬರು ಕೂಡಬೇಕು. ಇಂತಹ ಇಕ್ಕಟ್ಟಿನಲ್ಲಿ ಮೂವತ್ತು ನಲವತ್ತು ವರುಷ ಹೊಂದಿಕೊಂಡು ಬಾಳಿದವರಿಗೂ ಹೊಸದಾಗಿ ಹೊಂದಿಕೊಳ್ಳಬೇಕಾಗುವುದು. ಹೀಗಿರಲಾಗಿ, ಇಬ್ಬರನ್ನೂ ದಿನಕ್ಕೆ ನಾಲ್ಕು ಸಲ ಹೊರಗಿನ ಗಾಳಿಗೆ ಎಳೆದುಕೊಂಡು ಹೋಗುವ ಮೂರನೆಯ ಪ್ರಾಣಿಯೊಂದು ಜೊತೆಗಿರುವುದು ಸಾಮಾನ್ಯ ಉಪಕಾರವಲ್ಲ. ಅದೇ ನಾಯಿ.

ಪಾಂಡವರ ಮಹಾಪ್ರಸ್ಥಾನದಲ್ಲಿ ಕಡೆಯವರೆಗೆ ಧರ್ಮರಾಯನನ್ನು ಹಿಂಬಾಲಿಸಿದ್ದು ಒಂದು ನಾಯಿ. ಅದನ್ನು ಬಿಟ್ಟು ತಾನು ಸ್ವರ್ಗದ ರಥವನ್ನೇರೆನೆಂದು ಆತನು ನುಡಿದದ್ದನ್ನು ನಮ್ಮ ಮಕ್ಕಳೂ ಬಲ್ಲರು. ಅಮೆರಿಕದವರಿಗೆ ಈ ವಿಷಯದಲ್ಲಿ ನೆನಪಾಗುವವನು ಜಾನ್ ಸ್ಟೈನ್‌ಬೆಕ್ ಎಂಬ ಕಾದಂಬರಿಕಾರ. ಈತನು 1960ರಲ್ಲಿ, ತನ್ನ 58ನೆಯ ವಯಸ್ಸಿನಲ್ಲಿ, ಬಂಡಿಯೊಂದರ ಮೇಲೆ ಪುಟ್ಟ ಮನೆಯನ್ನು ಕಟ್ಟಿಸಿ, ಡಾನ್ ಕ್ವಿಕ್ಸೋಟನ ಕುದುರೆಯ ಹೆಸರನ್ನು ಅದಕ್ಕಿಟ್ಟು, ಚಾರ್ಲಿ ಎಂಬ ಪೂಡಲ್ ಜಾತಿಯ ಮುದಿ ನಾಯಿಯೊಡನೆ ಸುಮಾರು ಹತ್ತು ಸಾವಿರ ಮೈಲಿ ಸಂಚರಿಸಿದನು. ಆ ಪ್ರವಾಸದ ಗ್ರಂಥವು 1962ರಲ್ಲಿ ಪ್ರಕಟವಾಯಿತು. ಅದೇ ವರುಷ ಅವನಿಗೆ ನೊಬೆಲ್ ಪಾರಿತೋಷಕವೂ ದೊರೆಯಿತು. ಹೊಸಬರೊಡನೆ ಮಾತಿಗೆ ದಾರಿಮಾಡಿಕೊಟ್ಟದ್ದು ಆ ನಾಯಿಯೇ. ನಡುದಾರಿಯಲ್ಲಿ ಅದಕ್ಕೆ ಕಾಯಿಲೆಯಾಗಿ ಪಶುವೈದ್ಯನನ್ನು ಅರಸಬೇಕಾದದ್ದೂ ಆ ಗ್ರಂಥದಲ್ಲಿದೆ. ಇಂದಿನ ದಂಪತಿಗಳ ಅನುಭವವೂ ಇದೇ. ಬಂಡಿಯನ್ನು ನಿಲ್ಲಿಸಿ ನಾಯಿಯೊಡನೆ ಹೊರಟರೆ, ನೆರೆಬಂಡಿಯ ನಾಯಿ ಬಾಲವಾಡಿಸುವುದು. ಅರ್ಧ ತಾಸಿನೊಳಗೆ ಎರಡು ಸಂಸಾರಗಳು ಒಂದೇ ಬೆಂಕಿಯ ಸುತ್ತ ಕುಳಿತಿರುವುವು.

ಆದರೆ ನಾಯಿಯು ಸುಖವನ್ನು ಮಾತ್ರವೇ ತರುವುದಿಲ್ಲ, ಕಟ್ಟುಪಾಡನ್ನೂ ತರುವುದು. ಹುಚ್ಚುನಾಯಿ ರೋಗದ ಚುಚ್ಚುಮದ್ದಿನ ಪತ್ರ ಸದಾ ಜೊತೆಗಿರಬೇಕು. ರಾಷ್ಟ್ರೀಯ ಉದ್ಯಾನಗಳಲ್ಲಿ ಆರು ಅಡಿಗಿಂತ ಉದ್ದದ ಹಗ್ಗ ಕೂಡದು. ಕರಡಿಗಳೂ ಬಿಸಿನೀರಿನ ಬುಗ್ಗೆಗಳೂ ಇರುವ ಯೆಲ್ಲೋಸ್ಟೋನಿನಲ್ಲಿ ರಸ್ತೆಯಿಂದಲೂ ಬಿಡಾರದಿಂದಲೂ ನೂರು ಅಡಿಗಿಂತ ದೂರಕ್ಕೆ ನಾಯಿಯನ್ನು ಒಯ್ಯುವಂತಿಲ್ಲ, ಕಾಲುದಾರಿಗಳಲ್ಲಿ ಅದಕ್ಕೆ ಪ್ರವೇಶವೇ ಇಲ್ಲ. ಈ ನಿಯಮ ಕಠಿನವೆಂದು ಗೊಣಗುವವರು 1981ರ ದುರಂತವನ್ನು ನೆನೆಯಬೇಕು. ಆ ವರುಷ ಅಲ್ಲಿ ಬಂಡಿಯಿಂದ ತಪ್ಪಿಸಿಕೊಂಡ ನಾಯಿಯೊಂದು ಕುದಿಯುವ ಕೊಳಕ್ಕೆ ಹಾರಿತು. ಅದನ್ನು ರಕ್ಷಿಸಲು ಸ್ನೇಹಿತನ ನಾಯಿಯೆಂಬ ಮಮತೆಯಿಂದ ಧುಮುಕಿದ ತರುಣನೂ ಆ ನಾಯಿಯೂ ಉಳಿಯಲಿಲ್ಲ. ಆದುದರಿಂದ ದಂಪತಿಗಳು ಸರದಿಯಂತೆ ಹೋಗುವರು: ಒಬ್ಬರು ಜಲಪಾತವನ್ನು ನೋಡಿ ಬರುವವರೆಗೆ ಇನ್ನೊಬ್ಬರು ನಾಯಿಯ ಬಳಿ ಕುಳಿತಿರುವರು. ಬಿಸಿಲಿನ ಭಯ ಇದಕ್ಕಿಂತ ಹೆಚ್ಚು. ಹೊರಗೆ ಸೆಂಟಿಗ್ರೇಡಿನ 27 ಡಿಗ್ರಿಯಷ್ಟೇ ಇದ್ದರೂ ಮುಚ್ಚಿದ ಕಾರಿನೊಳಗೆ ಹತ್ತು ನಿಮಿಷದಲ್ಲಿ 37 ಡಿಗ್ರಿಗೂ ಅರ್ಧ ತಾಸಿನಲ್ಲಿ 45 ಡಿಗ್ರಿಗೂ ಕಾವು ಏರಬಹುದು. ಬಂಡಿಯಲ್ಲಿ ತಂಪಿನ ಯಂತ್ರವಿದ್ದರೂ ವಿದ್ಯುತ್ತು ನಿಂತರೆ ಅದೂ ನಿಂತಿತು. ಒಳಗಿನ ಕಾವು ಮಿತಿಮೀರಿದರೆ ಯಜಮಾನನ ದೂರವಾಣಿಗೆ ಎಚ್ಚರಿಕೆ ಕಳುಹಿಸುವ ಉಪಕರಣವನ್ನು ಇದಕ್ಕಾಗಿಯೇ ಅನೇಕರು ಇಟ್ಟುಕೊಳ್ಳುವರು.

ಇಲ್ಲಿ ಗಮನಿಸತಕ್ಕ ವಿಷಯವೊಂದಿದೆ. ಮನೆ, ತೋಟ, ಪೀಠೋಪಕರಣ, ಅಧಿಕಾರ ಎಲ್ಲವನ್ನೂ ತೊರೆದು ಬಂದ ಈ ವೃದ್ಧರು ನಾಯಿಯನ್ನು ತೊರೆಯಲಿಲ್ಲ. ಅದಕ್ಕೆ ಹೊತ್ತಿಗೆ ಸರಿಯಾಗಿ ಅನ್ನ ಹಾಕಬೇಕು, ಅದರ ಸುಖದುಃಖಕ್ಕೆ ತಮ್ಮ ದಾರಿಯನ್ನೇ ತಿರುಗಿಸಬೇಕು. ಬಿಡುಗಡೆಯನ್ನು ಅರಸಿ ಹೊರಟವರು ಒಂದು ಹೊಣೆಯನ್ನು ತಾವಾಗಿಯೇ ಉಳಿಸಿಕೊಂಡರು. ತನ್ನನ್ನು ನಂಬಿದ ಒಂದು ಜೀವವಾದರೂ ಇಲ್ಲದಿದ್ದರೆ ಬಿಡುಗಡೆಯೂ ಬರಿದಾಗುವುದೆಂಬುದನ್ನು ಅವರು ಅರಿತಿದ್ದಾರೆ. ಇದೇ ಗೃಹಸ್ಥಧರ್ಮದ ಬೇರು. ಗೋಡೆಗಳು ಹೋದರೂ ಅದು ಹೋಗಲಿಲ್ಲ.

ಆದರೆ ಈ ಬಾಳಿನ ನಿಜವಾದ ಪರೀಕ್ಷೆ ಹೊರಡುವುದರಲ್ಲಿಲ್ಲ, ನಿಲ್ಲುವುದರಲ್ಲಿದೆ. ಮಾರಿದ ಮನೆಯ ಬೆಲೆ ಏರುತ್ತ ಹೋಗಬಹುದು. ಕೊಂಡ ಬಂಡಿಯ ಬೆಲೆಯಾದರೋ ವರುಷ ವರುಷಕ್ಕೆ ಇಳಿಯುವುದು. ಎಪ್ಪತ್ತೈದು ದಾಟಿದ ಮೇಲೆ ಕಣ್ಣು ಮಂಜಾಗುವುದು, ಕೈ ನಡುಗುವುದು. ಇಬ್ಬರಲ್ಲಿ ಒಬ್ಬರು ತೀರಿಕೊಂಡರೆ, ಬಂಡಿಯನ್ನು ನಡೆಯಿಸಲರಿಯದ ಇನ್ನೊಬ್ಬರು ಪರಸ್ಥಳದಲ್ಲಿ ನಾಯಿಯೊಡನೆ ಒಂಟಿಯಾಗಿ ಉಳಿಯುವರು. ಸಂಚಾರದ ವರ್ಣನೆಯಲ್ಲಿ ಈ ಅಧ್ಯಾಯವನ್ನು ಬಹು ಮಂದಿ ಬಿಟ್ಟುಬಿಡುವರು.

ಬಿಡದೆ ಯೋಚಿಸಿದವರೂ ಇದ್ದಾರೆ. 1978ರಲ್ಲಿ ಜೋ ಪೀಟರ್ಸನ್ ಮತ್ತು ಕೇ ಪೀಟರ್ಸನ್ ಎಂಬ ದಂಪತಿಗಳು ಇಂತಹ ಸಂಚಾರಿಗಳಿಗಾಗಿ ಎಸ್ಕೇಪೀಸ್ ಎಂಬ ಸಂಘವನ್ನು ಸ್ಥಾಪಿಸಿದರು. ಟೆಕ್ಸಸ್ ಸಂಸ್ಥಾನದ ಲಿವಿಂಗ್‌ಸ್ಟನ್ ಎಂಬ ಊರಿನಲ್ಲಿರುವ ಇದರ ಕೇಂದ್ರದ ಬಳಿ, ಮುಪ್ಪಿನಿಂದಲೋ ಕಾಯಿಲೆಯಿಂದಲೋ ಮುಂದೆ ಹೋಗಲಾರದ ಸಂಚಾರಿಗಳಿಗೆ ಆಶ್ರಯಸ್ಥಾನವೊಂದನ್ನು ಏರ್ಪಡಿಸಿದರು. ಅದರ ವಿಶೇಷವೇನೆಂದರೆ, ಅಲ್ಲಿ ಯಾರೂ ತಮ್ಮ ಬಂಡಿಯನ್ನು ಬಿಟ್ಟು ಪರರ ಕೋಣೆಗೆ ಹೋಗಬೇಕಾಗಿಲ್ಲ. ತಮ್ಮ ಬಂಡಿಯನ್ನು ಅಲ್ಲಿಯೇ ನಿಲ್ಲಿಸಿ, ತಮ್ಮ ಹಾಸಿಗೆಯಲ್ಲಿಯೇ ಮಲಗಿ, ಊಟವನ್ನೂ ಹಗಲಿನ ಆರೈಕೆಯನ್ನೂ ಸಂಘದಿಂದ ಪಡೆಯಬಹುದು. ಚಕ್ರಗಳು ನಿಂತರೂ ಮನೆ ತಮ್ಮದೇ.

ವೃದ್ಧಾಪ್ಯದಲ್ಲಿ ದೇಶ ಸುತ್ತಬೇಕೆಂಬ ಆಸೆಯುಳ್ಳವರಿಗೆ ಈ ದಂಪತಿಗಳಿಂದ ಕಲಿಯತಕ್ಕದ್ದು ಬಹಳವಿದೆ. ಹೊರಡುವ ಮೊದಲು ಎಲ್ಲಿ ನಿಲ್ಲುವೆವೆಂಬುದನ್ನು ಇಬ್ಬರೂ ಕೂಡಿ ಮಾತಾಡಿಕೊಳ್ಳಬೇಕು. ಹಿಂದಿರುಗಲು ಬೇಕಾಗುವಷ್ಟು ಹಣವನ್ನು ಮುಟ್ಟದೆ ಇಡಬೇಕು. ಗಂಡನು ಬಲ್ಲ ಕೆಲಸವನ್ನು ಹೆಂಡತಿಯೂ, ಹೆಂಡತಿಯು ಬಲ್ಲದ್ದನ್ನು ಗಂಡನೂ ಕಲಿತಿರಬೇಕು. ಬಂಡಿ ನಡೆಯಿಸುವುದೂ ಅಡಿಗೆ ಮಾಡುವುದೂ ಇದರಲ್ಲಿ ಸೇರಿತು. ತಮ್ಮ ನಂತರ ನಾಯಿಯನ್ನು ಯಾರು ಸಾಕಬೇಕೆಂಬುದನ್ನೂ ಮಕ್ಕಳಿಗೆ ಬರೆದಿಡಬೇಕು. ಇಷ್ಟನ್ನು ಮಾಡಿ ಹೊರಟವರಿಗೆ ದಾರಿಯ ಪ್ರತಿಯೊಂದು ಬೆಳಗೂ ಲಾಭವೇ. ನಾಯಿಯು ಬಾಗಿಲ ಬಳಿ ನಿಂತು ಅವರನ್ನು ಕರೆಯುವುದು, ಅವರು ಎದ್ದು ಹೋಗುವರು.