ನಡೆದೇ ದಾಟಿದ ಫಾರಿನ್ನು

ವಿಮಾನ ಹತ್ತದೆ, ವೀಸಾಕ್ಕೆ ಅರ್ಜಿ ಹಾಕದೆ, ಬ್ಯಾಂಕ್ ಬ್ಯಾಲೆನ್ಸ್ ತೋರಿಸದೆ ಫಾರಿನ್‌ಗೆ ಹೋಗಿಬರಬಹುದು. ನಡೆದುಕೊಂಡೇ ಹೋಗಬಹುದು. ಉತ್ತರ ಪ್ರದೇಶದ ಸೊನೌಲಿಯಲ್ಲಿ ರಸ್ತೆಗೆ ಅಡ್ಡಲಾಗಿ ಒಂದು ಕಮಾನು ಇದೆ. ಈ ಕಡೆ ಭಾರತ, ಆ ಕಡೆ ನೇಪಾಳ. ದಾಟಿದ ಕೂಡಲೇ ಗಡಿಯಾರ 15 ನಿಮಿಷ ಮುಂದೆ ಹೋಗುತ್ತದೆ. ಕ್ಯಾಲೆಂಡರ್ ಅದಕ್ಕಿಂತ ಜೋರು. ನಾವು ಮೂವರು ಗೆಳೆಯರು ದಾಟಿದ್ದು 2025ರ ಮಾರ್ಚ್ ಮೊದಲ ವಾರ. ಆ ಕಡೆ ಹತ್ತಿದ ಬಸ್ಸಿನ ಟಿಕೆಟ್ ಮೇಲಿದ್ದ ಇಸವಿ 2081! ಅದು ಅವರ ವಿಕ್ರಮ ಸಂವತ್ಸರದ ಲೆಕ್ಕ.

ನಾವೆಂದರೆ ಧಾರವಾಡದ ಒಂದೇ ರೂಮಿನಲ್ಲಿದ್ದು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿರುವವರು. ನಾನು ಹಾವೇರಿ ಕಡೆಯವನು, ಇನ್ನೊಬ್ಬ ರಾಯಚೂರು ಜಿಲ್ಲೆಯ ಮಸ್ಕಿಯವನು, ಮತ್ತೊಬ್ಬ ಹಾಸನದವನು. ಕೈಯಲ್ಲಿದ್ದದ್ದು ಹೈಸ್ಕೂಲ್ ಮಕ್ಕಳಿಗೆ ಟ್ಯೂಷನ್ ಹೇಳಿ ಕೂಡಿಸಿಟ್ಟ ದುಡ್ಡು. ಮನೆಯಲ್ಲಿ ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಮಾತು: ‘ಕೆಲಸಿಲ್ಲ ಬೊಗಸಿಲ್ಲ, ನಿನಗ್ಯಾಕೋ ಫಾರಿನ್ನು?’ ಪ್ರಶ್ನೆ ನ್ಯಾಯವಾದದ್ದೇ. ಆದರೆ ಕೆಲಸಕ್ಕಾಗಿ ಒಂದಲ್ಲ ಒಂದು ದಿನ ದೇಶ ಬಿಡಬೇಕಾದೀತು ಎಂಬ ಲೆಕ್ಕಾಚಾರ ನಮ್ಮ ಮೂವರ ತಲೆಯಲ್ಲೂ ಇತ್ತು. ಹಾಗೆ ಹೋಗುವ ಮೊದಲು, ಏಜೆಂಟನ ಕೈ ಹಿಡಿಯದೆ ಒಮ್ಮೆ ಗಡಿ ದಾಟಿ ನೋಡೋಣ ಎನ್ನುವುದು ನಮ್ಮ ವಾದ. ಅಪ್ಪ ಒಪ್ಪಲಿಲ್ಲ, ಬೇಡ ಎಂದೂ ಅನ್ನಲಿಲ್ಲ.

ದಾರಿ ತೋರಿಸಿದ್ದು ನಮ್ಮ ಓಣಿಯ ಚೈನೀಸ್ ಗಾಡಿಯ ದಾಜು. ನೇಪಾಳಿಯಲ್ಲಿ ದಾಜು ಎಂದರೆ ಅಣ್ಣ. ಪಾಲ್ಪಾ ಜಿಲ್ಲೆಯ ಗುಡ್ಡದೂರಿನವನು. ಹನ್ನೆರಡು ವರ್ಷದಿಂದ ಧಾರವಾಡದಲ್ಲಿ ಗೋಬಿ ಮಂಚೂರಿ ಮಾಡುತ್ತಾನೆ, ಧಾರವಾಡದ ಕನ್ನಡವನ್ನೇ ಆಡುತ್ತಾನೆ. ವರ್ಷಕ್ಕೊಮ್ಮೆ ಊರಿಗೆ ಹೋಗುವವನ ಜೊತೆ ನಾವೂ ಹೊರಟೆವು.

ಹುಬ್ಬಳ್ಳಿಯಿಂದ ಬೆಂಗಳೂರು, ಯಶವಂತಪುರದಿಂದ ಗೋರಖಪುರ. ಸ್ಲೀಪರ್ ಟಿಕೆಟ್ ಸಾವಿರ ರೂಪಾಯಿಯ ಆಸುಪಾಸು, ರೈಲಿನಲ್ಲೇ ಎರಡು ದಿನ. ಒಂದು ತಮಾಷೆ ಹೇಳಲೇಬೇಕು. ಗೋರಖಪುರದ ಪ್ಲಾಟ್‌ಫಾರ್ಮ್ ಬಹಳ ವರ್ಷ ಜಗತ್ತಿನಲ್ಲೇ ಅತಿ ಉದ್ದದ್ದು ಎನಿಸಿಕೊಂಡಿತ್ತು, 1,366 ಮೀಟರ್. 2023ರಲ್ಲಿ 1,507 ಮೀಟರಿನ ಪ್ಲಾಟ್‌ಫಾರ್ಮ್ ಕಟ್ಟಿ ಆ ದಾಖಲೆ ಮುರಿದದ್ದು ನಮ್ಮ ಹುಬ್ಬಳ್ಳಿ. ಬ್ಯಾಗ್ ಹೊತ್ತು ನಡೆಯುವವನಿಗೆ ಎರಡೂ ಉದ್ದವೇ.

ಸ್ಟೇಷನ್ ಹೊರಗೆ ಬರುತ್ತಿದ್ದಂತೆ ‘ಪೋಖರಾ ಡೈರೆಕ್ಟ್, ಕಠ್ಮಂಡು ಡೈರೆಕ್ಟ್’ ಎಂದು ಮುತ್ತಿಕೊಳ್ಳುತ್ತಾರೆ. ದಾಜು ಅವರ ಕಡೆ ತಿರುಗಿಯೂ ನೋಡಲಿಲ್ಲ. ‘ದುಡ್ಡು ಇಲ್ಲೇ ತಗೋತಾರ, ಗಡಿಯಾಗ ಇಳಿಸಿ ಹೋಗ್ತಾರ. ಆ ಕಡೆ ಬಸ್ಸು ನಾವಾ ಹುಡುಕಬೇಕು,’ ಎಂದ. ಸುಮಾರು ನೂರು ಕಿಲೋಮೀಟರ್ ದೂರದ ಸೊನೌಲಿಗೆ ಸರ್ಕಾರಿ ಬಸ್ಸೇ ಇದೆ. ಮೂರು ತಾಸಿನ ದಾರಿ. ಅಲ್ಲಿ ಸೈಕಲ್ ರಿಕ್ಷಾದವರು ‘ಬಾರ್ಡರ್ ದೂರ’ ಎನ್ನುತ್ತಾರೆ. ದೂರ ಏನಿಲ್ಲ.

ಕಾಗದಪತ್ರದ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಎಲ್ಲರೂ ಎಡವುವುದು ಇಲ್ಲೇ. 1950ರ ಭಾರತ–ನೇಪಾಳ ಒಪ್ಪಂದದಿಂದಾಗಿ ನಮಗೆ ವೀಸಾ ಬೇಡ. ಆದರೆ ನಮ್ಮ ವಯಸ್ಸಿನವರ ಹತ್ತಿರ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ಇರಬೇಕು. ಊರಲ್ಲೆಲ್ಲ ನಡೆಯುವ ಆಧಾರ್ ಇಲ್ಲಿ ನೆಚ್ಚಿಕೊಳ್ಳುವಂಥದ್ದಲ್ಲ. ನಮ್ಮ ಮುಂದೆಯೇ ಒಂದು ತಂಡದ ಹುಡುಗರು ಆಧಾರ್ ಹಿಡಿದು ವಾದ ಮಾಡುತ್ತ ನಿಂತಿದ್ದರು. ಸಶಸ್ತ್ರ ಸೀಮಾ ಬಲದ ಜವಾನರು ನಮ್ಮ ಚೀಟಿ ನೋಡಿದರು, ಬ್ಯಾಗ್ ಒತ್ತಿ ನೋಡಿದರು, ಬಿಟ್ಟರು. ಠಸ್ಸೆ ಇಲ್ಲ, ಏನೂ ಇಲ್ಲ. ಹಾಸನದವನಿಗೆ ನಿರಾಸೆ. ಹೊಸ ಪಾಸ್‌ಪೋರ್ಟ್‌ಗೆ 1,500 ರೂಪಾಯಿ ಕಟ್ಟಿದ್ದ, ಪುಟ ಖಾಲಿಯೇ ಉಳಿಯಿತು. ಕಮಾನು ದಾಟಿದ ಮೇಲೆ ದಾಜು ನಿಂತು, ಬೆವರು ಒರೆಸಿಕೊಂಡು ನಕ್ಕ: ‘ಈಗ ಫಾರಿನ್‌ನ್ಯಾಗ ಇರೋರು ನೀವು ನೋಡ್ರಿ. ನಾ ಮನೀಗೆ ಬಂದೆ.’

ಇನ್ನು ದುಡ್ಡು. ನಮ್ಮ 100 ರೂಪಾಯಿಗೆ ಅವರ 160. ಈ ದರ ದಿನದಿನಕ್ಕೆ ಬದಲಾಗುವುದಿಲ್ಲ. ಅಂಗಡಿಯಲ್ಲಿ ಬೆಲೆ ಕೇಳಿದರೆ ‘ಐಸಿಯೋ ಎನ್‌ಸಿಯೋ’ ಎಂದು ತಿರುಗಿ ಕೇಳುತ್ತಾರೆ. ಐಸಿ ಅಂದರೆ ಭಾರತದ ದುಡ್ಡು, ಎನ್‌ಸಿ ನೇಪಾಳದ್ದು. ಇದನ್ನು ಮೊದಲೇ ಇತ್ಯರ್ಥ ಮಾಡಿಕೊಳ್ಳದೆ ಊಟಕ್ಕೆ ಕೂರಬೇಡಿ. ನಮ್ಮ ದೊಡ್ಡ ನೋಟುಗಳ ಬಗ್ಗೆ ಅಲ್ಲಿನ ನಿಯಮ ಆಗಾಗ ಬದಲಾಗುವುದರಿಂದ ನಾವು 100ರ ನೋಟುಗಳನ್ನೇ ಕಟ್ಟಿಕೊಂಡು ಹೋದೆವು. ಹೊರಡುವ ವಾರದಲ್ಲಿ ಈಗಿನ ನಿಯಮ ಏನೆಂದು ನೋಡಿಕೊಳ್ಳಿ. 2024ರಿಂದ ‘ಫೋನ್‌ಪೇ’ ಎಂಬ ನೇಪಾಳಿ ಜಾಲದ ಕ್ಯೂಆರ್‌ಗೆ ನಮ್ಮ ಯುಪಿಐನಿಂದ ಪಾವತಿಸುವ ವ್ಯವಸ್ಥೆ ಬಂದಿದೆ (ನಮ್ಮ ಫೋನ್‌ಪೇ ಬೇರೆ, ಅದು ಬೇರೆ). ನಗರದ ಅಂಗಡಿಗಳಲ್ಲಿ ನಡೆಯಿತು, ಗುಡ್ಡದ ಚಹಾದಂಗಡಿಯಲ್ಲಿ ನಗದೇ ಗತಿ.

ದಾಜು ಅಂದೇ ಊರಿಗೆ ಹೋದ. ನಾವು ಗಡಿಯ ಪಕ್ಕದ ಭೈರಹವಾದಲ್ಲಿ ಉಳಿದು ಮರುದಿನ ಲುಂಬಿನಿಗೆ ಹೋದೆವು. ಬುದ್ಧ ಹುಟ್ಟಿದ ಜಾಗ ಎಂದು ಎಲ್ಲರೂ ಮಾಯಾದೇವಿ ಮಂದಿರದ ಒಳಗೆ ಸಾಲು ನಿಂತಿದ್ದರೆ, ನಮ್ಮ ಮಸ್ಕಿಯ ಗೆಳೆಯ ಹೊರಗಿನ ಅಶೋಕ ಸ್ತಂಭದ ಬೇಲಿ ಬಿಟ್ಟು ಕದಲಲಿಲ್ಲ. ಇತಿಹಾಸ ಅವನ ಐಚ್ಛಿಕ ವಿಷಯ. ಪಟ್ಟಕ್ಕೆ ಬಂದು ಇಪ್ಪತ್ತು ವರ್ಷವಾದ ಮೇಲೆ ತಾನೇ ಇಲ್ಲಿಗೆ ಬಂದು ಪೂಜಿಸಿದೆ, ಬುದ್ಧ ಹುಟ್ಟಿದ ಊರೆಂದು ಕಂದಾಯವನ್ನು ಎಂಟನೇ ಒಂದು ಭಾಗಕ್ಕೆ ಇಳಿಸಿದೆ ಎಂದು ಅರಸ ಬ್ರಾಹ್ಮಿ ಲಿಪಿಯಲ್ಲಿ ಬರೆಸಿದ್ದಾನೆ. ಆದರೆ ಇಲ್ಲಿ ಅವನ ಹೆಸರಿಲ್ಲ, ಬಿರುದುಗಳಷ್ಟೇ ಇವೆ. ಆ ಬಿರುದಿನ ಅರಸ ಅಶೋಕನೇ ಎಂದು ಗಟ್ಟಿಯಾದದ್ದು 1915ರಲ್ಲಿ ಮಸ್ಕಿಯ ಬಂಡೆ ಶಾಸನ ಸಿಕ್ಕಾಗ. ‘ಇವನು ಯಾರು ಅಂತ ಗೊತ್ತಾಗಾಕ ನಮ್ಮೂರಿಗೇ ಬರಬೇಕಾತು ನೋಡ್ರಲೇ,’ ಎಂದು ಗೆಳೆಯ ಅಲ್ಲಿದ್ದ ಥಾಯ್ ಭಿಕ್ಷುವಿಗೂ ಕೇಳುವಂತೆ ಕೂಗಿದ. ಪರೀಕ್ಷೆಗೆಂದು ನಾಲ್ಕು ಸಲ ಓದಿದ್ದ ಪಾಠ, ನನಗೆ ಅವತ್ತೇ ತಲೆಗೆ ಹತ್ತಿದ್ದು.

ಆ ರಾತ್ರಿ ಲಾಡ್ಜಿನ ಕೌಂಟರಿನಲ್ಲಿ ಕೂತಿದ್ದ ಹುಡುಗನ ಜೊತೆ ಮಾತಿಗೆ ಕೂತೆವು. ನಮ್ಮದೇ ವಯಸ್ಸು, ಬಿಸಿನೆಸ್ ಪದವಿ ಮುಗಿಸಿದ್ದಾನೆ, ಹಿಂದಿ ಚೆನ್ನಾಗಿ ಬರುತ್ತದೆ. ಕತಾರಿಗೆ ಹೋಗಲು ಕಾಯುತ್ತಿದ್ದ. ಹೊರದೇಶದಲ್ಲಿ ದುಡಿಯುವವರು ಕಳಿಸುವ ಹಣ ನೇಪಾಳದ ಜಿಡಿಪಿಯ ಸುಮಾರು ಕಾಲುಭಾಗ. ಅಂಥ ದೇಶದಲ್ಲಿ ಹೊರಗೆ ಹೋಗುವುದು ಹೇಗೆ ಎಂಬುದೇ ಒಂದು ವಿದ್ಯೆ. ಪ್ಲಾಸ್ಟಿಕ್ ಫೋಲ್ಡರ್ ಬಿಚ್ಚಿ ಒಂದೊಂದೇ ಕಾಗದ ತೋರಿಸಿದ. ಕಂಪನಿಯ ಹೆಸರು, ಸಂಬಳ, ದುಡಿಮೆಯ ತಾಸು, ವಸತಿ, ಊಟ ಎಲ್ಲ ಬರೆದಿದ್ದ ಕರಾರುಪತ್ರ. ‘ಶ್ರಮ ಸ್ವೀಕೃತಿ’ ಎಂಬ ಸರ್ಕಾರದ ಅನುಮತಿಗೆ ಹಾಕಿದ ಅರ್ಜಿ. ವಿಮೆ. ಹೊರಡುವ ಮುಂಚಿನ ತರಬೇತಿಯ ಪ್ರಮಾಣಪತ್ರ.

‘ಕೆಲಸಕ್ಕೆ ಹೋಗುವವನು ವಿಸಿಟ್ ವೀಸಾದಲ್ಲಿ ಹೋಗಬಾರದು. ಅಲ್ಲಿ ಇಳಿದ ಮೇಲೆ ನೀನು ಕೆಲಸಗಾರ ಅಂತ ಹೇಳೋಕೆ ಒಂದು ಚೂರು ಕಾಗದ ಇರಲ್ಲ. ಸಂಬಳ ಕೊಡದಿದ್ದರೆ ಯಾರ ಹತ್ತಿರ ಕೇಳ್ತೀಯ?’ ಎಂದ. ಅವನ ಮಾವ ಹಾಗೆ ಹೋಗಿ ಎರಡು ವರ್ಷ ಸಿಕ್ಕಿಹಾಕಿಕೊಂಡಿದ್ದನಂತೆ. ಪಾಸ್‌ಪೋರ್ಟ್ ಮಾಲೀಕನ ಕೈಯಲ್ಲಿತ್ತಂತೆ. ಹಾಸನದ ಗೆಳೆಯ ಇದನ್ನೆಲ್ಲ ಫೋನಿನಲ್ಲಿ ಬರೆದುಕೊಳ್ಳುತ್ತಿದ್ದ. ಯಾಕೆಂದು ನಮಗೆ ಆಗ ಗೊತ್ತಿರಲಿಲ್ಲ.

ಬುಟ್ವಲ್ ದಾಟಿದ ಮೇಲೆ ಸಿದ್ಧಾರ್ಥ ಹೆದ್ದಾರಿ ಗುಡ್ಡ ಹತ್ತುತ್ತದೆ. ಕಿಟಕಿಯಿಂದ ಕೆಳಗೆ ನೋಡದಿರುವುದು ಒಳ್ಳೆಯದು. ಪಾಲ್ಪಾದ ತಾನ್‌ಸೇನ್ ಪೇಟೆಗೆ ದಾಜುವೇ ಬಂದು ಊರಿಗೆ ಕರೆದುಕೊಂಡು ಹೋದ. ಮೆಟ್ಟಿಲು ಮೆಟ್ಟಿಲು ಹೊಲ, ಕೆಂಪಗೆ ಅರಳಿದ ಲಾಲಿಗುರಾಂಸ್. ಅವನ ಆಮಾ, ಅಂದರೆ ಅಮ್ಮ, ಕಟ್ಟಿಗೆ ಒಲೆಯ ಮೇಲೆ ಢಿಡೊ ತೊಳಸಿದರು. ತಟ್ಟೆಗೆ ಬಿದ್ದದ್ದನ್ನು ನೋಡಿ ಹಾಸನದವನು ‘ಲೋ, ಇದು ಮುದ್ದೆ ಕಣ್ರೋ!’ ಎಂದು ಚೀರಿದ. ಹೌದು, ಅವರು ‘ಕೋದೋ’ ಎನ್ನುವುದು ನಮ್ಮ ರಾಗಿಯನ್ನೇ. ಬಸ್ಸಾರಿನ ಬದಲು ಗುಂದ್ರುಕ್ ಎಂಬ ಹುಳಿ ಬರಿಸಿ ಒಣಗಿಸಿದ ಸೊಪ್ಪಿನ ಸಾರು. ಅಗಿಯದೆ ನುಂಗುವುದೂ ಹಾಗೇ. ಅವನು ನಾಲ್ಕು ಸಲ ಹಾಕಿಸಿಕೊಂಡ. ಆಮಾಗೆ ಅವನ ಭಾಷೆ ಬರದಿದ್ದರೂ ಮೂವರಲ್ಲಿ ಅವನೇ ಪ್ರೀತಿಯವನಾದ.

ಸಂಜೆ ಊರು ಸುತ್ತಿದಾಗ ನಮ್ಮ ವಯಸ್ಸಿನ ಒಬ್ಬ ಗಂಡಸೂ ಕಾಣಲಿಲ್ಲ. ಮುದುಕರು, ಹೆಂಗಸರು, ಮಕ್ಕಳು. ಮೂರು ಮನೆಗೆ ಬೀಗ. ಆ ಮನೆಯವ ಮಲೇಶಿಯಾ, ಈ ಮನೆಯವ ದುಬೈ, ಅಲ್ಲಿಯ ಅಣ್ಣತಮ್ಮಂದಿರು ಬೆಂಗಳೂರಿನ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ ಎಂದು ದಾಜು ಬೆರಳು ಮಾಡಿ ತೋರಿಸುತ್ತ ಹೋದ. ‘ಹೆಣಾ ಹೊರಾಕ ನಾಲ್ಕು ಮಂದಿ ಗಂಡಸರು ಸಿಗೂದಿಲ್ಲ ತಮ್ಮಾ, ಕೆಳಗಿನ ಊರಿಂದ ಕರೀಬೇಕು.’ ನಮ್ಮ ಬೀದಿಗಳಲ್ಲಿ ರಾತ್ರಿ ಸೀಟಿ ಊದುವ ಗೂರ್ಖಾನಿಗೂ ಇಂಥದ್ದೊಂದು ಬೀಗ ಹಾಕಿದ ಮನೆ ಇರಬಹುದು ಎಂದು ನಾನು ಅಲ್ಲಿಯವರೆಗೆ ಯೋಚಿಸಿರಲಿಲ್ಲ.

ಪೋಖರಾ, ಕಠ್ಮಂಡುಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ. ನಾನು ಹೇಳುವುದು ಇಷ್ಟೇ. ಮಾರ್ಚ್‌ನಲ್ಲಿ ಮಬ್ಬು ಜಾಸ್ತಿ. 6,993 ಮೀಟರ್ ಎತ್ತರದ ಮಚ್ಛಾಪುಚ್ಛ್ರೆ ಶಿಖರ ನಮಗೆ ಕಂಡದ್ದು ಬೆಳಗಿನ ಜಾವ ಅರ್ಧ ತಾಸು ಮಾತ್ರ. ಬೆಟ್ಟ ನೋಡಲೆಂದೇ ಹೋಗುವವರು ಅಕ್ಟೋಬರ್–ನವೆಂಬರ್ ಆರಿಸಿಕೊಳ್ಳಿ. ದಾಲ್–ಭಾತ್ ಊಟದಲ್ಲಿ ಅನ್ನ, ಬೇಳೆ, ಪಲ್ಯ ಕೇಳಿದಷ್ಟು ಹಾಕುತ್ತಾರೆ. ನಮ್ಮಂಥವರಿಗೆ ಹೇಳಿ ಮಾಡಿಸಿದ್ದು. ಶನಿವಾರ ಅವರಿಗೆ ವಾರದ ರಜೆ, ಕಚೇರಿ ಕೆಲಸವಿದ್ದರೆ ನೆನಪಿರಲಿ. ಪಶುಪತಿನಾಥನ ಗರ್ಭಗುಡಿಯಲ್ಲಿ ಪೂಜೆ ಮಾಡುವ ಭಟ್ಟರು ದಕ್ಷಿಣದವರು, ಕರ್ನಾಟಕದಿಂದ ಹೋದವರೂ ಅವರಲ್ಲಿದ್ದಾರೆ ಎಂದು ಓದಿದ್ದೆವು. ನೂಕುನುಗ್ಗಲಿನಲ್ಲಿ ಮಾತನಾಡಿಸಲು ಆಗಲಿಲ್ಲ.

ಹನ್ನೆರಡು ದಿನಕ್ಕೆ ತಲೆಗೆ 13 ಸಾವಿರ ರೂಪಾಯಿ ಖರ್ಚಾಯಿತು, ರೈಲು ಸೇರಿ. ಆ ವರ್ಷ ಸೆಪ್ಟೆಂಬರ್‌ನಲ್ಲಿ ಅದೇ ಕಠ್ಮಂಡುವಿನ ಬೀದಿಗಳಿಗೆ ನಮ್ಮ ವಯಸ್ಸಿನವರು ಭ್ರಷ್ಟಾಚಾರದ ವಿರುದ್ಧ, ಜಾಲತಾಣಗಳ ನಿಷೇಧದ ವಿರುದ್ಧ ಇಳಿದರು. ಹತ್ತಾರು ಜೀವ ಹೋದವು, ಎರಡೇ ದಿನದಲ್ಲಿ ಪ್ರಧಾನಿ ರಾಜೀನಾಮೆ ಕೊಟ್ಟರು. ಟಿವಿಯಲ್ಲಿ ನೋಡುವಾಗ ನಮಗೆ ಲಾಡ್ಜಿನ ಹುಡುಗನೇ ನೆನಪಾದ. ಅಲ್ಲಿಗೆ ಹೋಗುವವರು ಹೊರಡುವ ಮುನ್ನ ಸುದ್ದಿ ನೋಡಿಕೊಳ್ಳುವುದೂ ಒಂದು ತಯಾರಿಯೇ.

ವಾಪಸು ಬರುವಾಗ ರೈಲಿನಲ್ಲೇ ಇನ್ನೊಂದು ಸುದ್ದಿ ಓದಿದ್ದೆವು. ಒಳ್ಳೆಯ ಕೆಲಸದ ಆಸೆಗೆ ಹೋಗಿ ಮ್ಯಾನ್ಮಾರ್‌ನ ಸೈಬರ್ ವಂಚನೆಯ ಅಡ್ಡೆಗಳಲ್ಲಿ ಸಿಕ್ಕಿಬಿದ್ದಿದ್ದ ನೂರಾರು ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಲಾಗಿತ್ತು. ಹಾಸನದವನು ಫೋನ್ ಕೆಳಗಿಟ್ಟು, ಆಗ ಬಾಯಿಬಿಟ್ಟ. ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ ಕೆಲಸ, ತಿಂಗಳಿಗೆ 80 ಸಾವಿರ, ಟೂರಿಸ್ಟ್ ಆಗಿ ಬಂದರೆ ಸಾಕು, ಉಳಿದದ್ದು ಅಲ್ಲೇ ಮಾಡಿಸುತ್ತೇವೆ ಎಂದು ಒಬ್ಬ ಏಜೆಂಟ್ ಅವನ ಹಿಂದೆ ಬಿದ್ದು ಎರಡು ತಿಂಗಳಾಗಿತ್ತು. ಮುಂಗಡ ಕಟ್ಟಲು ಅವನ ಅಮ್ಮ ಸರ ಅಡ ಇಡುವ ಮಾತೂ ಆಗಿತ್ತು.

ಧಾರವಾಡಕ್ಕೆ ಬಂದ ಮೇಲೆ ಮೂವರೂ ಕೂತು ವಿದೇಶಾಂಗ ಸಚಿವಾಲಯದ ಇ–ಮೈಗ್ರೇಟ್ ಪೋರ್ಟಲ್ ತೆರೆದೆವು. ಹೊರದೇಶಕ್ಕೆ ಕೆಲಸಗಾರರನ್ನು ಕಳಿಸಲು ನೋಂದಣಿ ಪಡೆದ ಏಜೆಂಟರ ಪಟ್ಟಿ ಅಲ್ಲಿದೆ. ಅವರು ಅಭ್ಯರ್ಥಿಯಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕಕ್ಕೆ 30 ಸಾವಿರ ರೂಪಾಯಿ ಮತ್ತು ಜಿಎಸ್‌ಟಿ ಎಂಬ ಮಿತಿಯಿದೆ. ಈತ ಕೇಳಿದ್ದು ಒಂದೂವರೆ ಲಕ್ಷ. ಪಟ್ಟಿಯಲ್ಲಿ ಆತನ ಹೆಸರು ಸಿಗಲಿಲ್ಲ. ಆದರೂ ಹಾಸನದವನು, ಭೈರಹವಾದಲ್ಲಿ ಬರೆದುಕೊಂಡಿದ್ದನ್ನು ನೋಡಿಕೊಂಡು, ಮೂರು ಪ್ರಶ್ನೆ ಕಳಿಸಿದ: ನಿಮ್ಮ ನೋಂದಣಿ ಸಂಖ್ಯೆ ಎಷ್ಟು? ಕಂಪನಿಯ ಸಹಿ ಇರುವ ಕರಾರುಪತ್ರ ಹೊರಡುವ ಮೊದಲೇ ಕೊಡುತ್ತೀರಾ? ವೀಸಾದ ಮೇಲೆ ಕೆಲಸ ಎಂದು ಬರೆದಿರುತ್ತದೆಯೇ?

ಎರಡು ನೀಲಿ ಗೆರೆ ಬಿದ್ದವು. ಸ್ವಲ್ಪ ಹೊತ್ತಿಗೆ ಏಜೆಂಟನ ಪ್ರೊಫೈಲ್ ಫೋಟೊ ಮಾಯವಾಯಿತು. ಹಾಸನದವನು ಅಮ್ಮನಿಗೆ ಫೋನ್ ಹಚ್ಚಿ, ಸರದ ಮಾತು ಬಿಡು ಎಂದು ಹೇಳಿದ.