ಬೆರಳಿಗೆ ಪಾಠ ಹೇಳುವವರು ಯಾರು?

ಎದೆಯ ಮೇಲೆ ಬೆರಳನ್ನಿಟ್ಟು, ಇನ್ನೊಂದು ಬೆರಳಿನಿಂದ ತಟ್ಟಿ ನೋಡುವ ವೈದ್ಯರನ್ನು ನಾವೆಲ್ಲರೂ ಕಂಡಿದ್ದೇವೆ. ಎದೆಯನ್ನು ತಟ್ಟಿ ರೋಗವನ್ನರಿಯುವ ಈ ಕ್ರಮವನ್ನು 1761ರಲ್ಲಿ ಪ್ರಕಟಪಡಿಸಿದವನು ವಿಯೆನ್ನಾ ನಗರದ ವೈದ್ಯ ಔಎನ್‌ಬ್ರುಗ್ಗರ್. ಗಾಳಿ ತುಂಬಿದ ಶ್ವಾಸಕೋಶದ ಮೇಲೆ ತಟ್ಟಿದರೆ ಟೊಳ್ಳು ನಾದ ಹೊರಡುತ್ತದೆ. ಎದೆಗೂಡಿನಲ್ಲಿ ನೀರು ನಿಂತಿದ್ದರೆ ನಾದವು ಮಂದವಾಗುತ್ತದೆ. ಕಿವಿಗೆ ಕೇಳುವುದು ಇಷ್ಟು. ಆದರೆ ನೀರಿದ್ದೆಡೆ ಬೆರಳಿಗೆ ಒಂದು ಬಗೆಯ ಬಿಗಿಯೂ ತಿಳಿದುಬರುತ್ತದೆ. ನಾದವನ್ನು ಯಂತ್ರದ ಮೂಲಕ ಕಳುಹಬಹುದು. ಆ ಬಿಗಿಯನ್ನು ಕಳುಹುವುದು ಹೇಗೆ?

2020ರಲ್ಲಿ ಕೋವಿಡ್ ಪಿಡುಗು ಹಬ್ಬಿದಾಗ ಈ ಪ್ರಶ್ನೆ ವೈದ್ಯವಿದ್ಯಾರ್ಥಿಗಳಿಗೆ ನಿಜವಾಗಿಯೂ ಎದುರಾಯಿತು. ಆ ವರ್ಷದ ಮೇ ತಿಂಗಳಲ್ಲಿ ಬ್ರಿಟನ್ನಿನ 39 ವೈದ್ಯಕೀಯ ಶಾಲೆಗಳ 2,721 ವಿದ್ಯಾರ್ಥಿಗಳು ಆನ್‌ಲೈನ್ ಪಾಠದ ಬಗೆಗೆ ತಮ್ಮ ಅಭಿಪ್ರಾಯವನ್ನು ತಿಳಿಸಿದರು. ತಮಗೆ ಅನುಕೂಲವಾದ ವೇಳೆಯಲ್ಲಿ ಕಲಿಯಬಹುದೆಂಬುದು ಅವರಿಗೆ ಮೆಚ್ಚಿಕೆಯಾಗಿದ್ದಿತು. ಇದು ಸಹಜವೇ, ಜೀವರಸಾಯನದ ಉಪನ್ಯಾಸವನ್ನು ನಿಲ್ಲಿಸಿ, ಹಿಂದಕ್ಕೊಯ್ದು ಮತ್ತೆ ಕೇಳುವ ಸೌಲಭ್ಯ ತರಗತಿಯಲ್ಲಿ ಯಾರಿಗುಂಟು? ಅಡಚಣೆಗಳೂ ಇದ್ದವು. ನೂರಕ್ಕೆ ಸುಮಾರು 27 ಮಂದಿ ಮನೆಯವರಿಂದಾಗುವ ವ್ಯತ್ಯಯವನ್ನೂ, ಸುಮಾರು 22 ಮಂದಿ ಅಂತರ್ಜಾಲದ ದುರ್ಬಲ ಸಂಪರ್ಕವನ್ನೂ ಹೆಸರಿಸಿದರು. ಸಂಪರ್ಕ ಕಡಿಯುವುದು ನಮ್ಮ ಮಲೆನಾಡಿನ ಪಾಡು ಮಾತ್ರವಲ್ಲವೆಂದಾಯಿತು. ಪ್ರಶ್ನಾವಳಿಯೂ ಅಂತರ್ಜಾಲದ ಮೂಲಕವೇ ಹೋಗಿದ್ದಿತೆಂಬುದನ್ನು ವಾಚಕರು ಮರೆಯಬಾರದು. ಸಂಪರ್ಕವೇ ಇಲ್ಲದವನು ಉತ್ತರಿಸುವ ಬಗೆಯೆಂತು?

ಆದರೆ ರೋಗಿಯ ಬಳಿ ನಿಂತು ಕಲಿಯುವುದಕ್ಕೆ ಈ ಪಾಠವು ಬದಲಿಯಾಗಲಾರದೆಂಬುದೇ ಅವರಲ್ಲಿ ಬಹುಮಂದಿಯ ನಿಲುವು. ಅವರ ಮಾತನ್ನು ನಾವು ಒಪ್ಪುತ್ತೇವೆ. ಊದಿದ ಯಕೃತ್ತಿನ ಅಂಚನ್ನು ಪರೀಕ್ಷಿಸುವಾಗ ವೈದ್ಯನು ಹೊಟ್ಟೆಯ ಬಲಭಾಗದಲ್ಲಿ ಕೈಯಿಟ್ಟು, ಉಸಿರೆಳೆದುಕೊಳ್ಳುವಂತೆ ರೋಗಿಗೆ ಹೇಳುತ್ತಾನೆ. ವಪೆ ಕೆಳಗಿಳಿದು ಯಕೃತ್ತನ್ನು ತಳ್ಳುತ್ತದೆ. ಅದರ ಅಂಚು ಬೆರಳಿಗೆ ಬಂದು ತಗಲುತ್ತದೆ. ಎಷ್ಟು ಒತ್ತಬೇಕೆಂಬುದನ್ನು ರೋಗಿಯ ಮುಖವೇ ತಿಳಿಸಬೇಕು. ಇದನ್ನು ತೆರೆಯ ಮೇಲೆ ನೂರು ಬಾರಿ ನೋಡಿದವನ ಬೆರಳು ಏನನ್ನೂ ಕಲಿತಿರುವುದಿಲ್ಲ.

ಚೀನದಲ್ಲಿ ಓದುತ್ತಿದ್ದ ಭಾರತೀಯರ ಪಾಡು ಇನ್ನೂ ಕಠಿನವಾಯಿತು. 2020ರ ಆರಂಭದಲ್ಲಿ ಊರಿಗೆ ಬಂದವರು ಎರಡು ವರ್ಷಕ್ಕೂ ಹೆಚ್ಚು ಕಾಲ ಹಿಂದಿರುಗಲಾರದೆ ಮನೆಯಲ್ಲಿಯೇ ಪಾಠ ಕೇಳಿದರು. ಕೇವಲ ಆನ್‌ಲೈನಿನಲ್ಲಿ ಕಲಿತ ವೈದ್ಯಶಿಕ್ಷಣವನ್ನು ಮಾನ್ಯ ಮಾಡುವುದಿಲ್ಲವೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರ ಫೆಬ್ರವರಿಯಲ್ಲಿ ಸಾರಿತು. ಅದೇ ಜುಲೈ ತಿಂಗಳಲ್ಲಿ, ಹಾಗೆ ಹಿಂದಿರುಗಿ ಪದವಿ ಪಡೆದ ಕೊನೆಯ ವರ್ಷದವರಿಗೆ ಒಂದು ದಾರಿಯನ್ನು ತೋರಿಸಿತು: ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾದ ಬಳಿಕ, ಒಂದು ವರ್ಷಕ್ಕೆ ಬದಲಾಗಿ ಎರಡು ವರ್ಷ, ಆಸ್ಪತ್ರೆಯಲ್ಲಿ ರೋಗಿಗಳ ನಡುವೆ ತರಬೇತಿ.