ಹೋತ್ ಕಡಲಬಂಡೆ ಸುತ್ತುಹಾದಿ

ಹೋತ್ ಕಡಲಬಂಡೆ ಸುತ್ತುಹಾದಿಯು ಐರ್ಲೆಂಡ್ ದೇಶದ ರಾಜಧಾನಿ ಡಬ್ಲಿನ್ ನಗರದ ಸಮೀಪ, ಹೋತ್ ಭೂಶಿರದ ಕಡಿದಾದ ಬಂಡೆಗಳ ಅಂಚಿನಲ್ಲಿ ಸಾಗುವ ಕಾಲ್ನಡಿಗೆಯ ದಾರಿ. ಇದರ ಉದ್ದ ಸುಮಾರು 6 ಕಿಲೋಮೀಟರ್. ಸಾಧಾರಣ ವೇಗದಲ್ಲಿ ನಡೆಯುವವರಿಗೆ ಸುಮಾರು ಎರಡು ಗಂಟೆ ಹಿಡಿಯುತ್ತದೆ. ಹೋತ್ ರೈಲು ನಿಲ್ದಾಣದಿಂದ ಹೊರಟು ಅಲ್ಲಿಗೇ ಮರಳುವ ಈ ದಾರಿಯುದ್ದಕ್ಕೂ ಹಸಿರು ಬಾಣದ ಗುರುತುಗಳನ್ನು ನೆಡಲಾಗಿದೆ.

ಹೆಸರು

'ಹೋತ್' ಎಂಬುದು ತಲೆ ಎಂಬ ಅರ್ಥದ ಪ್ರಾಚೀನ ನಾರ್ಸ್ ಪದದಿಂದ ಬಂದಿದೆ. ಐರಿಶ್ ಭಾಷೆಯಲ್ಲಿ ಈ ಸ್ಥಳದ ಹೆಸರು 'ಬಿನ್ ಏದರ್', ಅಂದರೆ ಏದರನ ಶಿಖರ. ವೈಕಿಂಗರ ಕಾಲದ ನೆನಪು ಸುತ್ತಲಿನ ದ್ವೀಪಗಳ ಹೆಸರಿನಲ್ಲಿಯೂ ಉಳಿದಿದೆ. ದಾರಿಯಿಂದ ಉತ್ತರಕ್ಕೆ ಕಾಣುವ 'ಐರ್ಲೆಂಡ್ಸ್ ಐ' ದ್ವೀಪದ ಹೆಸರಿನ ಕೊನೆಯ ಪದಕ್ಕೂ ಇಂಗ್ಲಿಷಿನ ಕಣ್ಣಿಗೂ ಸಂಬಂಧವಿಲ್ಲ. ಅದು ದ್ವೀಪ ಎಂಬ ಅರ್ಥದ ನಾರ್ಸ್ ಪದದ ರೂಪಾಂತರ.

ಭೂರಚನೆ

ಹೋತ್ ಹಿಂದೆ ಒಂದು ದ್ವೀಪವಾಗಿತ್ತು. ಹಿಮಯುಗ ಮುಗಿದ ನಂತರ ಅಲೆಗಳು ಹೊತ್ತು ತಂದ ಮರಳು ಮತ್ತು ಜಲ್ಲಿ ದ್ವೀಪಕ್ಕೂ ತೀರಕ್ಕೂ ನಡುವೆ ಶೇಖರವಾಗುತ್ತಾ ಹೋಗಿ ಎರಡನ್ನೂ ಬೆಸೆದವು. ಹೀಗೆ ಉಂಟಾಗುವ ಮರಳಿನ ಸೇತುವೆಯನ್ನು ಭೂಗೋಳಶಾಸ್ತ್ರದಲ್ಲಿ 'ಟೊಂಬೊಲೊ' ಎನ್ನುತ್ತಾರೆ. ಇಂದು ಆ ತಗ್ಗು ನೆಲದ ಮೇಲೆ ಸಟನ್ ಎಂಬ ಬಡಾವಣೆಯಿದ್ದು, ರೈಲುಮಾರ್ಗವೂ ರಸ್ತೆಯೂ ಅದರ ಮೂಲಕವೇ ಹಾದುಹೋಗುತ್ತವೆ.

ಭೂಶಿರದ ಬಂಡೆಗಳು ಮುಖ್ಯವಾಗಿ ಕ್ವಾರ್ಟ್ಜೈಟ್ ಮತ್ತು ಸ್ಲೇಟ್ ಜಾತಿಯವು. ಇವು ಕೇಂಬ್ರಿಯನ್ ಯುಗಕ್ಕೆ ಸೇರಿದವು. ಎಂದರೆ 48 ಕೋಟಿ ವರ್ಷಗಳಿಗೂ ಹಳೆಯವು. ಗಟ್ಟಿಯಾದ ಕ್ವಾರ್ಟ್ಜೈಟ್ ಅಲೆಗಳ ಹೊಡೆತವನ್ನು ತಡೆದು ನಿಲ್ಲುತ್ತದೆ. ಆದರೆ ಬಾಲ್‌ಸ್ಕ್ಯಾಡನ್ ಕೊಲ್ಲಿಯ ಬಳಿ ಹಿಮನದಿಗಳು ಬಿಟ್ಟುಹೋದ ಮಣ್ಣು ಮತ್ತು ಕಲ್ಲುಗಳ ಸಡಿಲ ಪದರವಿದೆ. ಮಳೆನೀರು ಮೇಲಿನಿಂದ ಇಂಗಿ, ಅಲೆಗಳು ಕೆಳಗಿನಿಂದ ಕೊರೆದಾಗ ಇಂತಹ ಪದರ ಕುಸಿಯುತ್ತದೆ. ಭೂಶಿರದ ಅತಿ ಎತ್ತರದ ಸ್ಥಳವಾದ ಬ್ಲ್ಯಾಕ್ ಲಿನ್ ಸಮುದ್ರಮಟ್ಟದಿಂದ 171 ಮೀಟರ್ ಎತ್ತರದಲ್ಲಿದೆ.

ದಾರಿಯ ಸ್ವರೂಪ

ರೈಲು ನಿಲ್ದಾಣದಿಂದ ಹೊರಟ ದಾರಿ ಮೀನುಗಾರಿಕೆ ಬಂದರಿನ ಪಕ್ಕದಲ್ಲಿ ಪೂರ್ವಕ್ಕೆ ಸಾಗಿ, ಬಾಲ್‌ಸ್ಕ್ಯಾಡನ್ ರಸ್ತೆಯ ಏರನ್ನು ಹತ್ತುತ್ತದೆ. ಡಾಂಬರು ರಸ್ತೆ ಮುಗಿದಲ್ಲಿಂದ ಕಾಲುದಾರಿ ಆರಂಭವಾಗುತ್ತದೆ. 'ನೋಸ್ ಆಫ್ ಹೋತ್' ಎಂಬ ಚಾಚಿನಲ್ಲಿ ಅದು ದಕ್ಷಿಣಕ್ಕೆ ತಿರುಗುತ್ತದೆ. ಇಲ್ಲಿಂದ ಮುಂದೆ ಎಡಗಡೆ ಸಮುದ್ರ, ಬಲಗಡೆ ಪೊದೆಗಳಿಂದ ತುಂಬಿದ ಇಳಿಜಾರು. ಬೇಯ್ಲಿ ದೀಪಸ್ತಂಭ ಕಣ್ಣಿಗೆ ಬೀಳುವ ಭಾಗವನ್ನು ತಲುಪಿದ ಮೇಲೆ ದಾರಿ ಬಲಕ್ಕೆ ಹೊರಳಿ 'ಸಮಿಟ್' ಎಂಬ ಎತ್ತರದ ಸ್ಥಳಕ್ಕೆ ಏರಿ, ಒಳನಾಡಿನ ಹಾದಿಯಲ್ಲಿ ಊರಿಗೆ ಇಳಿಯುತ್ತದೆ.

ಇದೇ ನಿಲ್ದಾಣದಿಂದ ಇನ್ನೂ ಮೂರು ಸುತ್ತುಹಾದಿಗಳು ಹೊರಡುತ್ತವೆ. ನೀಲಿ ಬಾಣದ ಟ್ರಾಮ್‌ಲೈನ್ ಹಾದಿ ಸುಮಾರು 7 ಕಿಲೋಮೀಟರ್, ಕೆಂಪು ಬಾಣದ ಬ್ಲ್ಯಾಕ್ ಲಿನ್ ಹಾದಿ ಸುಮಾರು 8 ಕಿಲೋಮೀಟರ್, ನೇರಳೆ ಬಾಣದ 'ಬಾಗ್ ಆಫ್ ಫ್ರಾಗ್ಸ್' ಹಾದಿ ಸುಮಾರು 12 ಕಿಲೋಮೀಟರ್ ಉದ್ದವಾಗಿವೆ. ಕಡಲಬಂಡೆಯ ಭಾಗದಲ್ಲಿ ನಾಲ್ಕೂ ಒಂದೇ ದಾರಿಯಲ್ಲಿ ಸಾಗುವುದರಿಂದ ಒಂದೇ ಕಂಬದ ಮೇಲೆ ಹಲವು ಬಣ್ಣದ ಬಾಣಗಳು ಕಾಣುತ್ತವೆ. ಕವಲುಗಳಲ್ಲಿ ತಾನು ಆರಿಸಿಕೊಂಡ ಬಣ್ಣವನ್ನೇ ಅನುಸರಿಸದ ನಡಿಗೆಗಾರನು ಎರಡರಷ್ಟು ದೂರ ನಡೆಯಬೇಕಾಗಬಹುದು.

ಟ್ರಾಮ್‌ಲೈನ್ ಹಾದಿಯ ಹೆಸರು ಸಟನ್‌ನಿಂದ ಗುಡ್ಡದ ಮೇಲೇರಿ ಹೋತ್‌ಗೆ ಇಳಿಯುತ್ತಿದ್ದ ವಿದ್ಯುತ್ ಟ್ರಾಮ್ ಮಾರ್ಗವನ್ನು ನೆನಪಿಸುತ್ತದೆ. 1901ರಲ್ಲಿ ಆರಂಭವಾದ ಈ ಮಾರ್ಗ 1959ರಲ್ಲಿ ಮುಚ್ಚಿತು. ಇಂದು ಡಬ್ಲಿನ್ ನಗರದಿಂದ ಹೋತ್‌ಗೆ 'ಡಾರ್ಟ್' ಎಂಬ ವಿದ್ಯುತ್ ರೈಲು ಸೇವೆಯಿದ್ದು, ಇದು 1984ರಲ್ಲಿ ಆರಂಭವಾಯಿತು.

ಬೇಯ್ಲಿ ದೀಪಸ್ತಂಭ

ಭೂಶಿರದ ಆಗ್ನೇಯ ತುದಿಯಲ್ಲಿರುವ ಈ ದೀಪಸ್ತಂಭ ಡಬ್ಲಿನ್ ಕೊಲ್ಲಿಯ ಉತ್ತರ ಅಂಚನ್ನು ಗುರುತಿಸುತ್ತದೆ. ಹದಿನೇಳನೆಯ ಶತಮಾನದಲ್ಲಿ ಇಲ್ಲಿ ಕಲ್ಲಿದ್ದಲು ಉರಿಸುವ ದೀಪಗೃಹವಿತ್ತು. ಅದು ಗುಡ್ಡದ ಮೇಲೆ ಎತ್ತರದಲ್ಲಿದ್ದ ಕಾರಣ ಮಂಜು ಮತ್ತು ತಗ್ಗು ಮೋಡಗಳು ಬೆಳಕನ್ನು ಮರೆಮಾಡುತ್ತಿದ್ದವು. ಆದ್ದರಿಂದ 1814ರಲ್ಲಿ ಸಮುದ್ರಕ್ಕೆ ಸಮೀಪವಾದ ತಗ್ಗು ಬಂಡೆಯ ಮೇಲೆ ಹೊಸ ದೀಪಸ್ತಂಭವನ್ನು ಕಟ್ಟಲಾಯಿತು.

1853ರ ಫೆಬ್ರವರಿಯಲ್ಲಿ ಲಿವರ್‌ಪೂಲ್‌ನಿಂದ ಡಬ್ಲಿನ್‌ಗೆ ಬರುತ್ತಿದ್ದ 'ಕ್ವೀನ್ ವಿಕ್ಟೋರಿಯಾ' ಎಂಬ ಉಗಿಹಡಗು ಹಿಮಪಾತದ ನಡುವೆ ಹೋತ್‌ನ ಬಂಡೆಗಳಿಗೆ ಅಪ್ಪಳಿಸಿ ಮುಳುಗಿತು. ಹತ್ತಾರು ಪ್ರಯಾಣಿಕರು ಸಾವಿಗೀಡಾದರು. ಬೆಳಕು ಕಾಣದ ಹವೆಯಲ್ಲಿ ಹಡಗುಗಳನ್ನು ಎಚ್ಚರಿಸಲು ಅದೇ ವರ್ಷ ಇಲ್ಲಿ ಮಂಜುಗಂಟೆಯನ್ನು ಅಳವಡಿಸಲಾಯಿತು. ಐರ್ಲೆಂಡಿನ ದೀಪಸ್ತಂಭಗಳಲ್ಲಿ ಕಾವಲುಗಾರರನ್ನು ಕೊನೆಯವರೆಗೂ ಉಳಿಸಿಕೊಂಡಿದ್ದು ಬೇಯ್ಲಿ. 1997ರಲ್ಲಿ ಅದೂ ಸ್ವಯಂಚಾಲಿತವಾಯಿತು.

ಸಸ್ಯ ಮತ್ತು ಪ್ರಾಣಿಗಳು

ಇಳಿಜಾರುಗಳಲ್ಲಿ 'ಹೀತ್' ಎಂಬ ಕುರುಚಲು ಸಸ್ಯವರ್ಗ ಹಬ್ಬಿದೆ. ಬೇಸಿಗೆಯ ಕೊನೆಯಲ್ಲಿ ಹೆದರ್ ಗಿಡಗಳ ನೇರಳೆ ಹೂಗಳೂ ಗೋರ್ಸ್ ಮುಳ್ಳುಪೊದೆಗಳ ಹಳದಿ ಹೂಗಳೂ ಒಟ್ಟಿಗೆ ಅರಳುತ್ತವೆ. ಬಂಡೆಗಳ ಚಾಚುಗಳಲ್ಲಿ ಕಿಟ್ಟಿವೇಕ್, ಗಿಲ್ಲೆಮಾಟ್, ರೇಜರ್‌ಬಿಲ್ ಮುಂತಾದ ಕಡಲಹಕ್ಕಿಗಳು ವಸಂತದಿಂದ ಬೇಸಿಗೆಯವರೆಗೆ ಮರಿ ಮಾಡುತ್ತವೆ. ಬಂದರಿನಲ್ಲಿ ಬೂದು ಸೀಲ್‌ಗಳು ಕಾಣಸಿಗುತ್ತವೆ.

ಸಂರಕ್ಷಣೆ

ಹೋತ್‌ನ ವಿಶಾಲ ಭಾಗವು 2000ನೇ ಇಸವಿಯಲ್ಲಿ ಸ್ಥಿರಗೊಂಡ ವಿಶೇಷ ಸೌಂದರ್ಯ ಪ್ರದೇಶದ ಆದೇಶದ ರಕ್ಷಣೆಯಲ್ಲಿದೆ. ನಗರದ ಅಂಚಿನಲ್ಲಿದ್ದರೂ ಕಡಲಬಂಡೆಗಳ ಮೇಲೆ ಕಟ್ಟಡಗಳು ಏಳದೆ ಉಳಿಯಲು ಇಂತಹ ನಿರ್ಬಂಧಗಳು ಮುಖ್ಯ ಕಾರಣ. 2015ರಲ್ಲಿ ಯುನೆಸ್ಕೊ ಡಬ್ಲಿನ್ ಕೊಲ್ಲಿಯನ್ನು ಜೀವಗೋಳ ಮೀಸಲು ಪ್ರದೇಶವೆಂದು ಗುರುತಿಸಿತು. ಹೋತ್ ಭೂಶಿರವೂ ಇದರಲ್ಲಿ ಸೇರಿದೆ.

ಒಣಹವೆಯಲ್ಲಿ ಗೋರ್ಸ್ ಪೊದೆಗಳು ಬೇಗ ಹೊತ್ತಿ ಉರಿಯುತ್ತವೆ. ಹಿಂದೆ ಜಾನುವಾರುಗಳು ಮೇಯುತ್ತಿದ್ದಾಗ ಪೊದೆಗಳು ಹಿಡಿತದಲ್ಲಿರುತ್ತಿದ್ದವು. ಮೇಯಿಸುವುದು ನಿಂತ ಮೇಲೆ ಅವು ದಟ್ಟವಾಗಿ ಬೆಳೆದವು. 2021ರ ಬೇಸಿಗೆಯಲ್ಲಿ ಹೋತ್‌ನಲ್ಲಿ ಬೆಂಕಿ ವ್ಯಾಪಕವಾಗಿ ಹರಡಿತು. ಅದೇ ವರ್ಷ ಅಪರೂಪದ 'ಹಳೆಯ ಐರಿಶ್ ಮೇಕೆ' ತಳಿಯ ಹಿಂಡೊಂದನ್ನು ತಂದು ಇಲ್ಲಿ ಮೇಯಲು ಬಿಡಲಾಯಿತು. ಮುಳ್ಳುಪೊದೆಯನ್ನು ಮೇಕೆಗಳು ತಿನ್ನುವುದರಿಂದ ಬೆಂಕಿಗೆ ಆಹಾರ ಕಡಿಮೆಯಾಗುತ್ತದೆ. ಅಳಿವಿನಂಚಿನ ತಳಿಯೂ ಉಳಿಯುತ್ತದೆ.

ಅಪಾಯ ಮತ್ತು ಎಚ್ಚರಿಕೆ

ದಾರಿಯ ಬಹುಭಾಗದಲ್ಲಿ ಸಮುದ್ರದ ಕಡೆ ತಡೆಗೋಡೆಯಿಲ್ಲ. ಅಂಚಿನ ಹುಲ್ಲು ಗಟ್ಟಿಯಾಗಿ ಕಂಡರೂ ಅದರ ಅಡಿಯ ಮಣ್ಣು ಕೊಚ್ಚಿಹೋಗಿರಬಹುದು. ಆದುದರಿಂದ ಛಾಯಾಚಿತ್ರಕ್ಕಾಗಿ ಅಂಚಿಗೆ ಹೋಗುವುದು ಅಪಾಯಕರ. ಮಳೆಯ ನಂತರ ಕಲ್ಲುಗಳು ಜಾರುತ್ತವೆ. ಜೂನ್ ತಿಂಗಳಲ್ಲಿ ರಾತ್ರಿ ಸುಮಾರು 10 ಗಂಟೆಯವರೆಗೂ ಬೆಳಕಿದ್ದರೆ, ಡಿಸೆಂಬರ್‌ನಲ್ಲಿ ಸಂಜೆ 4 ಗಂಟೆ ದಾಟುತ್ತಲೇ ಸೂರ್ಯ ಮುಳುಗುತ್ತಾನೆ. ಚಳಿಗಾಲದಲ್ಲಿ ಮಧ್ಯಾಹ್ನದ ಊಟದ ನಂತರ ತಡವಾಗಿ ಹೊರಟವರಿಗೆ ಕತ್ತಲಾಗುವುದು ಬಂಡೆಯ ಅಂಚಿನಲ್ಲಿಯೇ. ಯಾರಾದರೂ ಕೆಳಗೆ ಬಿದ್ದರೆ ಸ್ವತಃ ಇಳಿಯಲು ಯತ್ನಿಸದೆ, 112 ಅಥವಾ 999 ಸಂಖ್ಯೆಗೆ ಕರೆಮಾಡಿ ಕರಾವಳಿ ರಕ್ಷಣಾ ಪಡೆಯನ್ನು ಕೇಳಬೇಕು.

ಸಾಹಿತ್ಯದಲ್ಲಿ

1923ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಕವಿ, ರವೀಂದ್ರನಾಥ ಠಾಕೂರರ ಇಂಗ್ಲಿಷ್ 'ಗೀತಾಂಜಲಿ'ಗೆ ಮುನ್ನುಡಿ ಬರೆದ ಡಬ್ಲ್ಯು. ಬಿ. ಯೇಟ್ಸ್ ಅವರು 1880ರ ದಶಕದ ಆರಂಭದಲ್ಲಿ, ಹದಿಹರೆಯದವರಾಗಿದ್ದಾಗ, ಬಾಲ್‌ಸ್ಕ್ಯಾಡನ್ ರಸ್ತೆಯ ಮನೆಯೊಂದರಲ್ಲಿ ಕುಟುಂಬದೊಡನೆ ವಾಸವಾಗಿದ್ದರು. ಜೇಮ್ಸ್ ಜಾಯ್ಸ್ ಅವರ 'ಯುಲಿಸಿಸ್' ಕಾದಂಬರಿಯಲ್ಲಿ ನಾಯಕ ಬ್ಲೂಮ್ ತನ್ನ ಮದುವೆಯ ಪ್ರಸ್ತಾಪವನ್ನು ಮುಂದಿಡುವುದು ಹೋತ್ ಗುಡ್ಡದ ಮೇಲೆಯೇ.